ಆದದ್ದು ಅಳಿಯುವುದೇ?

‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬುದು ನಮ್ಮ ಹಿರಿಯರ ಗಾದೆ. ಆದರೂ ನಡೆದುಹೋದುದನ್ನು ನಡೆಯದಂತೆ ಮಾಡುವ ಶಕ್ತಿ ತನಗಿರಬಾರದಿತ್ತೇ ಎಂದು ಹಂಬಲಿಸದ ಮನುಷ್ಯನಿಲ್ಲ. ಈ ಹಂಬಲವು ಜಪಾನಿನ ಚಿತ್ರಕಥೆಗಳಾದ ‘ಮಾಂಗಾ’ಗಳಲ್ಲಿಯೂ ನಮ್ಮ ಕಪಿಲಾ-ಕಾವೇರಿ ತೀರದ ಕಥೆಗಳಲ್ಲಿಯೂ ಯಾವ ರೂಪವನ್ನು ತಾಳಿದೆ, ಅದಕ್ಕಿರುವ ಎಲ್ಲೆ ಯಾವುದು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಜಪಾನಿನ ಮಾತು. ಹಿರೊಹಿಕೊ ಅರಾಕಿಯವರ ‘ಜೋಜೋ’ ಕಥಾಮಾಲೆಯ ನಾಲ್ಕನೆಯ ಭಾಗ 1992ರಲ್ಲಿ ಆರಂಭವಾಯಿತು. ಅದರ ನಾಯಕ ಜೋಸುಕೆಯು ಒಡೆದ ವಸ್ತುವನ್ನೂ ಗಾಯಗೊಂಡ ದೇಹವನ್ನೂ ಮೊದಲಿನಂತೆ ಮಾಡಬಲ್ಲನು. ಆದರೆ ತನ್ನ ಗಾಯವನ್ನು ತಾನೇ ವಾಸಿಮಾಡಿಕೊಳ್ಳಲಾರನು; ಹೋದ ಪ್ರಾಣವನ್ನು ಮರಳಿ ತರಲಾರನು. ಕೊಲೆಯಾದ ತಾತನ ಗಾಯ ಮುಚ್ಚಿಕೊಳ್ಳುತ್ತದೆ, ತಾತ ಏಳುವುದಿಲ್ಲ. ಮಸಾಶಿ ಕಿಶಿಮೊತೊ ಅವರ ‘ನರುಟೊ’ದಲ್ಲಿ (1999–2014) ‘ಇಜಾನಗಿ’ ಎಂಬ ವಿದ್ಯೆಯುಂಟು. ಅದನ್ನು ಬಲ್ಲವನು ತನ್ನ ಮರಣವನ್ನೇ ಕನಸಾಗಿಸಿಬಿಡಬಹುದು. ತೆರಬೇಕಾದ ಬೆಲೆ ಒಂದು ಕಣ್ಣಿನ ದೃಷ್ಟಿ. ತಮಗೊಲ್ಲದ ಫಲವನ್ನೆಲ್ಲ ಹೀಗೆ ಅಳಿಸಹೊರಟವರನ್ನು ತಡೆಯಲು ‘ಇಜಾನಮಿ’ ಎಂಬ ಪ್ರತಿವಿದ್ಯೆ ಹುಟ್ಟಿತು. ಅದರಲ್ಲಿ ಸಿಕ್ಕಿದವನು ಅದೇ ಗಳಿಗೆಯನ್ನು ಮತ್ತೆ ಮತ್ತೆ ಅನುಭವಿಸುವನು. ತನ್ನ ಪಾಲಿಗೆ ಬಂದುದನ್ನು ಒಪ್ಪಿಕೊಂಡಾಗಲೇ ಬಿಡುಗಡೆ.

ಇನ್ನು ನಮ್ಮ ಸೀಮೆಗೆ ಬರೋಣ. ನಂಜನಗೂಡಿನ ಶ್ರೀಕಂಠೇಶ್ವರನು ನಂಜುಂಡನು. ಸಮುದ್ರಮಥನದಲ್ಲಿ ಹುಟ್ಟಿದ ಹಾಲಾಹಲವನ್ನು ಶಿವನು ಹುಟ್ಟಲೇ ಇಲ್ಲವೆನಿಸಲಿಲ್ಲ. ಕುಡಿದು ಕಂಠದಲ್ಲಿ ತಡೆದನು. ವಿಷ ಅಳಿಯಲಿಲ್ಲ, ನಿಂತಿತು. ಕೊರಳು ಕಪ್ಪಾಯಿತು, ಲೋಕ ಉಳಿಯಿತು.

ನಂಜನಗೂಡನ್ನು ದಾಟಿದ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಅಲ್ಲಿಂದ ಕೆಳಗೆ ತಲಕಾಡು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ಅಲ್ಲಿ ವಿಜಯನಗರದ ಪ್ರತಿನಿಧಿಯಾಗಿದ್ದವನ ಪತ್ನಿ ಅಲಮೇಲಮ್ಮನು ಒಡವೆಗಾಗಿ ಬೆನ್ನಟ್ಟಿದ ಭಟರಿಂದ ತಪ್ಪಿಸಿಕೊಳ್ಳಲು ಮಾಲಂಗಿಯ ಬಳಿ ಕಾವೇರಿಗೆ ಹಾರಿದಳೆಂದು ಐತಿಹ್ಯ. ತಲಕಾಡು ಮರಳಾಗಲೆಂದೂ ಮೈಸೂರು ದೊರೆಗಳಿಗೆ ಮಕ್ಕಳಾಗದಿರಲೆಂದೂ ಶಪಿಸಿದಳಂತೆ. ಮರಳಿಗೆ ನದಿಯ ತಿರುವೂ ಗಾಳಿಯೂ ಕಾರಣವೆನ್ನುವರು ವಿಜ್ಞಾನಿಗಳು. ಅದು ಬೇರೆ ವಿಚಾರ. ಕಥೆಯ ಕಟ್ಟನ್ನು ನೋಡಿರಿ: ಶಾಪವನ್ನು ಹಿಂತೆಗೆದುಕೊಳ್ಳಲು ಶಪಿಸಿದವಳೇ ಇಲ್ಲ. ಅರಮನೆಯು ಅವಳ ವಿಗ್ರಹವನ್ನು ಪೂಜಿಸಿತು. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ದತ್ತು ಸ್ವೀಕರಿಸಿದರು. 2015ರಲ್ಲಿಯೂ ಆ ಮನೆತನದಲ್ಲಿ ದತ್ತು ನಡೆಯಿತು. ಐತಿಹ್ಯವನ್ನು ನಂಬುವವರಿಗೂ ಶಾಪ ಅಳಿದಿಲ್ಲ. ಮನೆತನ ಅದರ ಪಕ್ಕದಲ್ಲೇ ದಾರಿ ಮಾಡಿಕೊಂಡಿದೆ.

ಎರಡು ದೇಶದ ಕಥೆಗಳೂ ಹೇಳುವುದು ಒಂದನ್ನೇ. ಆದದ್ದನ್ನು ಸುಮ್ಮನೆ ಅಳಿಸಲಾಗದು. ಯಾರಾದರೂ ಅದನ್ನು ಹೊರಬೇಕು, ಬೆಲೆ ತೆರಬೇಕು. ಎಲ್ಲೆಯಿಲ್ಲದ ಶಕ್ತಿಯಿದ್ದರೆ ಯಾವ ತಪ್ಪಿಗೂ ಯಾವ ತ್ಯಾಗಕ್ಕೂ ತೂಕವಿರುತ್ತಿರಲಿಲ್ಲ.

ನಾನು ಶಾಲೆಗೆ ಸೇರಿದ ವರ್ಷವೇ, ಏಳನೆಯ ತರಗತಿ ಮುಗಿಸಿದ ನನ್ನ ಅಕ್ಕ ಓದು ಬಿಟ್ಟು ಕೂಲಿಗೆ ಹೋದಳು. ಈ ಬಿ.ಎ. ಪದವಿ ನಮ್ಮ ಮನೆಗೆ ಮೊದಲನೆಯದು. ಅವಳ ಆ ವರ್ಷಗಳನ್ನು ಮರಳಿಸುವ ವಿದ್ಯೆ ಯಾವ ಕಾಲೇಜಿನಲ್ಲಿಯೂ ಇಲ್ಲ. ಅವಳ ಮಗಳು ಈಗ ಎರಡನೆಯ ತರಗತಿಯಲ್ಲಿದ್ದಾಳೆ. ಆಕೆ ನಡುವೆ ಓದು ಬಿಡದಂತೆ ನೋಡಿಕೊಳ್ಳುವುದಷ್ಟೇ ನನ್ನ ಕೈಯಲ್ಲಿರುವುದು.