ಮೂರು ಎಂಜಿನ್ನುಗಳ ಸ್ಪರ್ಧೆ

ದನಗಳ ಜಾತ್ರೆಯಲ್ಲಿ ರೈತನು ಎತ್ತನ್ನು ಕೊಳ್ಳುವ ಬಗೆಯನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರಬಹುದು. ಮೊದಲು ಅವನು ಬಾಯಿ ತೆರೆಸಿ ಹಲ್ಲು ನೋಡುತ್ತಾನೆ. ಮೈಮೇಲಿನ ಸುಳಿಗಳನ್ನು ನೋಡುತ್ತಾನೆ. ನಾಲ್ಕು ಹೆಜ್ಜೆ ನಡೆಸಿ ಕಾಲಿನಲ್ಲಿ ಕುಂಟು ಇದೆಯೇ ಎಂದು ಪರೀಕ್ಷಿಸುತ್ತಾನೆ. ಬೆಲೆಯ ಮಾತು ಮಾತ್ರ ಬಾಯಿಂದ ಹೊರಡುವುದಿಲ್ಲ. ದಲ್ಲಾಳಿಯು ವಸ್ತ್ರದ ಮರೆಯಲ್ಲಿ ಕೈಹಿಡಿದು, ಬೆರಳುಗಳನ್ನು ಒತ್ತಿ ಅದನ್ನು ತಿಳಿಸುತ್ತಾನೆ. ಕೋಟಿಗಟ್ಟಲೆ ಬೆಲೆಬಾಳುವ ವಿಮಾನಗಳ ವ್ಯಾಪಾರವು ಇದಕ್ಕಿಂತ ತೀರ ಬೇರೆಯಾಗಿರುತ್ತದೆಂದು ನಾವು ಭಾವಿಸುತ್ತೇವೆ. ಆದರೆ ಅಲ್ಲಿಯೂ ಹಲ್ಲು ನೋಡುವ ಪರಿಣತರಿದ್ದಾರೆ, ದಲ್ಲಾಳಿಗಳಿದ್ದಾರೆ, ವಸ್ತ್ರದ ಮರೆಯೂ ಇದೆ. ವ್ಯತ್ಯಾಸವಿರುವುದು ಇನ್ನೊಂದೆಡೆ. ಎತ್ತು ಕೆಟ್ಟದ್ದಾದರೆ ನಷ್ಟವು ಕೊಂಡವನದು. ವಿಮಾನದಲ್ಲಿ ದೋಷವಿದ್ದರೆ ಅದರ ಫಲವನ್ನು ಉಣ್ಣುವ ಪ್ರಯಾಣಿಕನು ಆ ವ್ಯಾಪಾರ ನಡೆದ ಸ್ಥಳಕ್ಕೆ ಬಂದೇ ಇರುವುದಿಲ್ಲ.

1966ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಎಂಬ ಸಂಸ್ಥೆಯ ಎಂಜಿನಿಯರ್ ಫ್ರಾಂಕ್ ಕೋಲ್ಕ್ ಎಂಬವರು ತಮಗೆ ಬೇಕಾದ ಹೊಸ ವಿಮಾನದ ಲಕ್ಷಣಗಳನ್ನು ಬರೆದು ತಯಾರಕರ ಮುಂದಿಟ್ಟರು. ಸುಮಾರು ಇನ್ನೂರೈವತ್ತು ಜನರನ್ನು ಹೊರಬೇಕು; ನ್ಯೂಯಾರ್ಕ್ ನಗರದ ಲಗ್ವಾರ್ಡಿಯಾ ನಿಲ್ದಾಣದ ಗಿಡ್ಡ ಓಡುದಾರಿಯಿಂದ ಮೇಲೇಳಬೇಕು; ಎಂಜಿನ್ನುಗಳು ಎರಡೇ ಸಾಕು. ಅವರ ಬೇಡಿಕೆಯ ಸಾರ ಇದು. ಇತರ ಸಂಸ್ಥೆಗಳಿಗೆ ಎರಡು ಸಾಲದಾದವು. ಸಮುದ್ರದ ಮೇಲೆ ಹಾರುವವರು, ಎತ್ತರದ ಊರುಗಳಿಂದ ಬೇಸಗೆಯಲ್ಲಿ ಮೇಲೇಳಬೇಕಾದವರು ಮೂರನೆಯ ಎಂಜಿನ್ನನ್ನು ಬಯಸಿದರು. ಹೀಗೆ ಮೂರು ಎಂಜಿನ್ನುಗಳ ವಿಮಾನದ ಕಲ್ಪನೆಯು ಹುಟ್ಟಿತು.

ಅದನ್ನು ಕಟ್ಟಲು ಮುಂದೆ ಬಂದವರು ಇಬ್ಬರು. ಒಂದು ಲಾಕ್‌ಹೀಡ್ ಕಂಪನಿ. ಸೈನ್ಯಕ್ಕೆ ಹರ್ಕ್ಯುಲೀಸ್ ಸಾಗಣೆ ವಿಮಾನವನ್ನೂ ಸ್ಟಾರ್‌ಫೈಟರ್ ಯುದ್ಧವಿಮಾನವನ್ನೂ ಮಾಡಿಕೊಟ್ಟು ಹೆಸರಾದದ್ದು ಅದು. ಇನ್ನೊಂದು ಡಗ್ಲಸ್ ಕಂಪನಿ. 1947ರ ಅಕ್ಟೋಬರಿನಲ್ಲಿ ನಮ್ಮ ಸೈನಿಕರನ್ನು ಶ್ರೀನಗರಕ್ಕೆ ಹೊತ್ತೊಯ್ದ ಡಕೋಟಾ ವಿಮಾನವು ಇದೇ ಕಂಪನಿಯ ಸೃಷ್ಟಿ. ಆದರೆ 1967ರ ವೇಳೆಗೆ ಡಗ್ಲಸ್ ಹಣದ ಮುಗ್ಗಟ್ಟಿಗೆ ಸಿಲುಕಿ, ಫ್ಯಾಂಟಮ್ ಯುದ್ಧವಿಮಾನಗಳನ್ನು ತಯಾರಿಸುತ್ತಿದ್ದ ಮೆಕ್‌ಡೊನೆಲ್ ಕಂಪನಿಯೊಡನೆ ಕೂಡಿಕೊಂಡಿತ್ತು. ಲಾಕ್‌ಹೀಡಿನ ವಿಮಾನಕ್ಕೆ ಟ್ರೈಸ್ಟಾರ್ ಎಂದು ಹೆಸರಾಯಿತು. ಮೆಕ್‌ಡೊನೆಲ್ ಡಗ್ಲಸಿನದು ಡಿ.ಸಿ.-10. ದೂರದಿಂದ ನೋಡಿದರೆ ಅವು ಅವಳಿ ಮಕ್ಕಳಂತೆ ಕಾಣುತ್ತಿದ್ದವು. ಒಂದೊಂದು ರೆಕ್ಕೆಯ ಕೆಳಗೆ ಒಂದೊಂದು ಎಂಜಿನ್ನು, ಮೂರನೆಯದು ಬಾಲದಲ್ಲಿ.

ಒಂದೇ ಅಳತೆಯ, ಒಂದೇ ಕೆಲಸದ ಎರಡು ವಿಮಾನಗಳಿಗೆ ಸಾಕಾಗುವಷ್ಟು ಗಿರಾಕಿಗಳು ಇರಲಿಲ್ಲ. ಇಬ್ಬರಲ್ಲಿ ಒಬ್ಬರು ಹಿಂದೆ ಸರಿಯಬಹುದಿತ್ತು, ಯಾರೂ ಸರಿಯಲಿಲ್ಲ. 1968ರ ಫೆಬ್ರವರಿಯಲ್ಲಿ ಅಮೆರಿಕನ್ ಏರ್‌ಲೈನ್ಸ್ ಡಿ.ಸಿ.-10ನ್ನು ಆರಿಸಿತು. ಮಾರ್ಚ್ ಕೊನೆಯಲ್ಲಿ ಲಾಕ್‌ಹೀಡ್ ಒಂದೇ ಬಾರಿಗೆ 144 ಟ್ರೈಸ್ಟಾರ್‌ಗಳ ಬೇಡಿಕೆಯನ್ನು ಪ್ರಕಟಿಸಿ ಎದುರಾಳಿಯನ್ನು ದಂಗುಬಡಿಸಿತು. ಏಪ್ರಿಲ್ ತಿಂಗಳಲ್ಲಿ ಯುನೈಟೆಡ್ ಸಂಸ್ಥೆಯು ಡಿ.ಸಿ.-10ರ ಕಡೆಗೆ ವಾಲಿದ್ದರಿಂದ ಅದು ಉಳಿದುಕೊಂಡಿತು. ಅಲ್ಲಿಂದ ಮುಂದೆ ಯಾರು ಮೊದಲು ಆಕಾಶಕ್ಕೇರುವರು, ಯಾರು ಕಡಿಮೆ ಬೆಲೆಗೆ ಕೊಡುವರು ಎಂಬುದೇ ಹಗಲಿರುಳಿನ ಚಿಂತೆಯಾಯಿತು. ಡಿ.ಸಿ.-10 ವಿಮಾನವು 1970ರ ಆಗಸ್ಟಿನಲ್ಲಿ ಹಾರಿತು. ಟ್ರೈಸ್ಟಾರ್ ಅದೇ ನವೆಂಬರಿನಲ್ಲಿ.

ಲಾಕ್‌ಹೀಡ್ ತನ್ನ ವಿಮಾನಕ್ಕೆ ಬ್ರಿಟನ್ನಿನ ರೋಲ್ಸ್ ರಾಯ್ಸ್ ಎಂಜಿನ್ನನ್ನು ನೆಚ್ಚಿಕೊಂಡಿತ್ತು. ಆ ಕಂಪನಿಯು ಎಂಜಿನ್ನಿನ ಮುಂದಿನ ಅಲಗುಗಳನ್ನು ಇಂಗಾಲದ ನಾರಿನಿಂದ ಮಾಡಿ ತೂಕವನ್ನು ಉಳಿಸಲು ಹೊರಟಿತು. ಹಾರುವಾಗ ಹಕ್ಕಿಗಳು ಎಂಜಿನ್ನಿಗೆ ಸಿಕ್ಕಿಕೊಳ್ಳುವುದುಂಟು. ಆದುದರಿಂದ ಸತ್ತ ಕೋಳಿಯನ್ನು ಅತಿ ವೇಗದಿಂದ ಎಸೆದು ಅಲಗುಗಳನ್ನು ಪರೀಕ್ಷಿಸುತ್ತಾರೆ. ಈ ಪರೀಕ್ಷೆಯಲ್ಲಿ ಹೊಸ ಅಲಗುಗಳು ಚೂರಾದವು. ಮತ್ತೆ ಟೈಟಾನಿಯಂ ಲೋಹಕ್ಕೆ ಮರಳಬೇಕಾಯಿತು. ಖರ್ಚು ಮಿತಿಮೀರಿ 1971ರ ಫೆಬ್ರವರಿ 4ರಂದು ರೋಲ್ಸ್ ರಾಯ್ಸ್ ದಿವಾಳಿಯಾಯಿತು. ಬ್ರಿಟಿಷ್ ಸರಕಾರವು ಅದನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಸೈನ್ಯದ ಗ್ಯಾಲಕ್ಸಿ ಎಂಬ ಬೃಹತ್ ವಿಮಾನದ ವೆಚ್ಚದಿಂದ ಮೊದಲೇ ಬಳಲಿದ್ದ ಲಾಕ್‌ಹೀಡ್ ಕೂಡ ಮುಳುಗುವ ಸ್ಥಿತಿಗೆ ಬಂದಿತು. ಅದಕ್ಕೆ 25 ಕೋಟಿ ಡಾಲರ್ ಸಾಲ ದೊರೆಯುವಂತೆ ಅಮೆರಿಕದ ಸರಕಾರವೇ ಜಾಮೀನು ನಿಲ್ಲಬೇಕೆಂಬ ಮಸೂದೆಯು ಸೆನೆಟ್ ಸಭೆಯಲ್ಲಿ 49ಕ್ಕೆ 48 ಮತಗಳಿಂದ, ಎಂದರೆ ಒಂದೇ ಮತದ ಅಂತರದಿಂದ ಅಂಗೀಕೃತವಾಯಿತು.

ಎದುರಾಳಿಯ ಈ ಸಂಕಟವು ಡಿ.ಸಿ.-10ಕ್ಕೆ ವರವಾಗಿ ಕಂಡಿತು. ಆದರೆ ಅದರ ಒಡಲಲ್ಲಿ ಬೇರೊಂದು ಕೇಡು ಅಡಗಿತ್ತು. ಅದನ್ನು ಅರಿಯಲು ಬಾಗಿಲಿನ ವಿಚಾರವನ್ನು ಸ್ವಲ್ಪ ತಿಳಿಯಬೇಕು. ಎತ್ತರದಲ್ಲಿ ಹಾರುವ ವಿಮಾನದೊಳಗೆ ಉಸಿರಾಟಕ್ಕೆ ಬೇಕಾದಷ್ಟು ಒತ್ತಡದಲ್ಲಿ ಗಾಳಿಯನ್ನು ತುಂಬಿರುತ್ತಾರೆ. ಹೊರಗಿನ ಗಾಳಿಯು ತೆಳುವಾಗಿರುತ್ತದೆ. ಒಳಗಿನ ಗಾಳಿಯು ಬಾಗಿಲನ್ನು ಹೊರಕ್ಕೆ ನೂಕುತ್ತಲೇ ಇರುತ್ತದೆ. ಬಾಗಿಲು ಚೌಕಟ್ಟಿಗಿಂತ ದೊಡ್ಡದಾಗಿ ಒಳಗಡೆಯಿಂದ ಕುಳಿತಿದ್ದರೆ ಈ ನೂಕುವಿಕೆಯೇ ಅದನ್ನು ಬಿರಡೆಯಂತೆ ಬಿಗಿಮಾಡುತ್ತದೆ. ಡಿ.ಸಿ.-10ರ ಸರಕಿನ ಕೋಣೆಯ ಬಾಗಿಲು ಇಂಥದಲ್ಲ. ಒಳಗಿನ ಜಾಗ ಉಳಿಯಲೆಂದು ಅದು ಹೊರಕ್ಕೆ ತೆರೆಯುವಂತೆ ಮಾಡಿದ್ದರು. ಅಗುಳಿಗಳ ಬಲದಿಂದಲೇ ಅದು ನಿಲ್ಲಬೇಕಾಗಿತ್ತು. ಆ ಅಗುಳಿಗಳನ್ನು ನಡೆಸಲು ವಿದ್ಯುತ್ ಮೋಟಾರುಗಳಿದ್ದರೆ ಹಗುರವಾದೀತೆಂದು ಕೇಳಿದವರು ಕೊಳ್ಳುವವರೇ. ತಯಾರಕರು ಒಪ್ಪಿದರು. 1970ರಲ್ಲಿ ನೆಲದ ಮೇಲೆಯೇ ನಡೆದ ಒತ್ತಡದ ಪರೀಕ್ಷೆಯಲ್ಲಿ ಬಾಗಿಲು ಸಿಡಿದು, ಪ್ರಯಾಣಿಕರ ಕೋಣೆಯ ನೆಲವು ಕುಸಿಯಿತು. ಸಣ್ಣಪುಟ್ಟ ತಿದ್ದುಪಡಿಗಳಾದವು. ಸ್ಪರ್ಧೆಯ ಓಟದಲ್ಲಿ ಬಾಗಿಲನ್ನು ಮೊದಲಿನಿಂದ ಮತ್ತೆ ರೂಪಿಸಲು ಪುರುಸೊತ್ತು ಯಾರಿಗಿತ್ತು!

1972ರ ಜೂನ್ 12ರಂದು ಡೆಟ್ರಾಯಿಟ್ ನಗರದಿಂದ ಹೊರಟ ಡಿ.ಸಿ.-10 ಕೆನಡಾದ ವಿಂಡ್ಸರ್ ಪಟ್ಟಣದ ಮೇಲೆ ಹಾರುತ್ತಿದ್ದಾಗ ಅದೇ ಬಾಗಿಲು ಕಿತ್ತುಹೋಯಿತು. ನೆಲವು ಕುಸಿದು, ಅದರಡಿಯಲ್ಲಿ ಹಾದುಹೋಗಿದ್ದ ನಿಯಂತ್ರಣದ ತಂತಿಗಳಲ್ಲಿ ಕೆಲವು ಸಿಕ್ಕಿಕೊಂಡವು, ಕೆಲವು ತುಂಡಾದವು. ಕ್ಯಾಪ್ಟನ್ ಬ್ರೈಸ್ ಮೆಕಾರ್ಮಿಕ್ ಅವರು ಎಂಜಿನ್ನುಗಳ ವೇಗವನ್ನೇ ಏರಿಳಿಸುತ್ತ ವಿಮಾನವನ್ನು ಹಿಂದಕ್ಕೆ ತಂದು ಇಳಿಸಿದರು. ಅದರಲ್ಲಿದ್ದ 67 ಜನರೂ ಬದುಕಿದರು. ಇದಾದ ಹದಿನೈದನೆಯ ದಿನ, ಡಿ.ಸಿ.-10ರ ಒಡಲನ್ನು ಕಟ್ಟಿಕೊಡುತ್ತಿದ್ದ ಕಾನ್ವೇರ್ ಸಂಸ್ಥೆಯ ಎಂಜಿನಿಯರ್ ಡ್ಯಾನ್ ಆಪಲ್‌ಗೇಟ್ ಅವರು ತಮ್ಮ ಮೇಲಿನವರಿಗೆ ಒಂದು ಪತ್ರ ಬರೆದರು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಈ ಬಾಗಿಲು ಮತ್ತೆ ತೆರೆದುಕೊಳ್ಳುವುದು ಖಂಡಿತ, ಆಗ ವಿಮಾನವೇ ಹೋಗುತ್ತದೆ ಎಂಬುದು ಅದರ ತಾತ್ಪರ್ಯ. ಪತ್ರವು ಸರಿಯಾಗಿದೆಯೆಂದು ಮೇಲಿನವರಿಗೂ ತಿಳಿದಿತ್ತು. ಆದರೆ ಬಾಗಿಲನ್ನು ಬದಲಿಸುವ ಖರ್ಚು ಯಾರ ತಲೆಗೆ ಬರುವುದೆಂಬ ಯೋಚನೆಯಲ್ಲಿ ಅವರು ಅದನ್ನು ಮುಂದಕ್ಕೆ ಕಳುಹಿಸಲಿಲ್ಲ. ಇತ್ತ ವಿಮಾನಯಾನದ ಸುರಕ್ಷತೆಯನ್ನು ಕಾಯಬೇಕಾದ ಸರಕಾರಿ ಇಲಾಖೆಯ ಮುಖ್ಯಸ್ಥರು ಕಡ್ಡಾಯದ ಆಜ್ಞೆಯನ್ನು ಹೊರಡಿಸದೆ, ತಯಾರಕರ ಮಾತನ್ನು ನಂಬಿ, ಅವರೇ ಸರಿಪಡಿಸಿಕೊಳ್ಳಲೆಂದು ಬಿಟ್ಟುಬಿಟ್ಟರು. ಆಜ್ಞೆ ಹೊರಟರೆ ಸುದ್ದಿಯಾಗುತ್ತದೆ. ಸುದ್ದಿಯಾದರೆ ಗಿರಾಕಿಗಳು ಟ್ರೈಸ್ಟಾರ್ ಕಡೆಗೆ ಹೋಗುತ್ತಾರೆ. ಎಂಥ ದಾಕ್ಷಿಣ್ಯ!

ಈ ನಡುವೆ ಕಥೆಯು ಜಪಾನಿಗೆ ಹೊರಳುತ್ತದೆ. ಅಲ್ಲಿನ ಆಲ್ ನಿಪ್ಪಾನ್ ಸಂಸ್ಥೆಯು ಡಿ.ಸಿ.-10ನ್ನೇ ಕೊಳ್ಳುವುದೆಂದು ನಂಬಿ ಮಿತ್ಸುಯಿ ಎಂಬ ವ್ಯಾಪಾರಿ ಸಂಸ್ಥೆಯು ಕೆಲವು ವಿಮಾನಗಳನ್ನು ಮುಂಚಿತವಾಗಿಯೇ ಗೊತ್ತುಮಾಡಿತ್ತು. 1972ರ ಅಕ್ಟೋಬರಿನಲ್ಲಿ ಆಲ್ ನಿಪ್ಪಾನ್ ಎಲ್ಲರೂ ಬೆರಗಾಗುವಂತೆ ಟ್ರೈಸ್ಟಾರನ್ನು ಆರಿಸಿತು. ಇದರ ಗುಟ್ಟು ಹೊರಬಿದ್ದದ್ದು 1976ರಲ್ಲಿ. ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಲಾಕ್‌ಹೀಡ್ ಕಂಪನಿಯ ಕಾರ್ಲ್ ಕೋಚಿಯನ್ ಅವರು ಜಪಾನಿನಲ್ಲಿ ಹಣ ಹಂಚಿದ್ದನ್ನು ಒಪ್ಪಿಕೊಂಡರು. ವಿಮಾನ ಕೊಂಡಾಗ ಪ್ರಧಾನಿಯಾಗಿದ್ದ ಕಾಕುಯೇ ತನಾಕಾ ಅವರು 50 ಕೋಟಿ ಯೆನ್ ಲಂಚದ ಆಪಾದನೆಯ ಮೇಲೆ ಅದೇ ಜುಲೈಯಲ್ಲಿ ಬಂಧಿತರಾದರು; 1983ರಲ್ಲಿ ನ್ಯಾಯಾಲಯವು ಅವರಿಗೆ ನಾಲ್ಕು ವರ್ಷಗಳ ಸೆರೆಮನೆಯನ್ನು ವಿಧಿಸಿತು. ಮೇಲ್ಮನವಿಯು ಇತ್ಯರ್ಥವಾಗುವ ಮೊದಲೇ, 1993ರಲ್ಲಿ ಅವರು ತೀರಿಕೊಂಡರು. ಲಾಕ್‌ಹೀಡಿನ ಇದೇ ಹಗರಣದಲ್ಲಿ ಹಾಲೆಂಡಿನ ರಾಣಿಯ ಪತಿ ಬರ್ನ್‌ಹಾರ್ಡ್ ಅವರು ತಮ್ಮ ಸಾರ್ವಜನಿಕ ಹುದ್ದೆಗಳನ್ನೂ ಸೈನಿಕ ಸಮವಸ್ತ್ರವನ್ನೂ ಬಿಡಬೇಕಾಯಿತು. ಹೊರದೇಶದ ಅಧಿಕಾರಿಗಳಿಗೆ ಲಂಚ ಕೊಡುವುದು ಅಪರಾಧವೆಂದು ಅಮೆರಿಕವು 1977ರಲ್ಲಿ ಕಾನೂನು ಮಾಡಿತು.

ಮಿತ್ಸುಯಿ ಗೊತ್ತುಮಾಡಿದ್ದ ಡಿ.ಸಿ.-10ಗಳು ಏನಾದವು? ಜಪಾನಿಗೆ ಬೇಡವಾದ ಅವುಗಳಲ್ಲಿ ಕೆಲವನ್ನು ತುರ್ಕಿ ದೇಶದ ವಿಮಾನ ಸಂಸ್ಥೆಯು ಕೊಂಡಿತು. ಅಂಥ ಒಂದು ವಿಮಾನವು 1974ರ ಮಾರ್ಚ್ 3ರಂದು ಪ್ಯಾರಿಸ್ಸಿನಿಂದ ಲಂಡನ್ನಿಗೆ ಹೊರಟಿತು. ಬ್ರಿಟಿಷ್ ವಿಮಾನ ನೌಕರರ ಮುಷ್ಕರದಿಂದಾಗಿ ಬೇರೆ ವಿಮಾನ ಸಿಗದವರೆಲ್ಲ ಅದರಲ್ಲಿ ಹತ್ತಿದ್ದರು. ಸರಕಿನ ಬಾಗಿಲನ್ನು ಬಲಪಡಿಸುವ ಲೋಹದ ಪಟ್ಟಿಯನ್ನು ಈ ವಿಮಾನಕ್ಕೆ ಜೋಡಿಸಲಾಗಿದೆಯೆಂದು ಕಾರ್ಖಾನೆಯ ದಾಖಲೆಯಲ್ಲಿ ಮುದ್ರೆ ಬಿದ್ದಿತ್ತು. ಪಟ್ಟಿ ಮಾತ್ರ ಇರಲಿಲ್ಲ. ಅಗುಳಿ ಸರಿಯಾಗಿ ಬಿದ್ದಿದೆಯೇ ಎಂದು ಇಣುಕಿ ನೋಡಲು ಒಂದು ಚಿಕ್ಕ ಗಾಜಿನ ಕಿಂಡಿಯನ್ನು ಇಟ್ಟು, ಪಕ್ಕದಲ್ಲಿ ಇಂಗ್ಲಿಷ್ ಮತ್ತು ತುರ್ಕಿ ಭಾಷೆಗಳಲ್ಲಿ ಸೂಚನೆಯನ್ನು ಬರೆದಿದ್ದರು. ಬಾಗಿಲು ಮುಚ್ಚಿದ ಕೆಲಸಗಾರನಿಗೆ ಆ ಎರಡು ಭಾಷೆಗಳೂ ಬರುತ್ತಿರಲಿಲ್ಲ. ಅವನನ್ನು ದೂರುವವರು ಆಗಲೂ ಇದ್ದರು. ಬಡಪಾಯಿಯ ಮೇಲೆ ತಪ್ಪು ಹೊರಿಸುವುದು ಎಲ್ಲ ಕಾಲದಲ್ಲಿಯೂ ಸುಲಭ. ಮೇಲೆದ್ದ ಸ್ವಲ್ಪ ಹೊತ್ತಿನಲ್ಲಿಯೇ ಬಾಗಿಲು ಸಿಡಿಯಿತು, ನೆಲವು ಕುಸಿಯಿತು, ತಂತಿಗಳು ಹರಿದವು. ಎರ್ಮೆನೊನ್‌ವಿಲ್ ಎಂಬಲ್ಲಿಯ ಕಾಡಿನಲ್ಲಿ ವಿಮಾನವು ನುಚ್ಚುನೂರಾಯಿತು. 346 ಜನ ಸತ್ತರು, ಒಬ್ಬರೂ ಉಳಿಯಲಿಲ್ಲ. ಆಪಲ್‌ಗೇಟ್ ಅವರ ಪತ್ರಕ್ಕೆ ಆಗ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಕಡ್ಡಾಯದ ಆಜ್ಞೆಗಳು ಆಮೇಲೆ ಹೊರಟವು.

ಎರಡು ಕೋಣಗಳು ಕಾದಿದರೆ ನಡುವಿನ ಗಿಡಕ್ಕೆ ಸಾವು ಎಂಬ ಹಳೆಯ ಮಾತು ನಮ್ಮಲ್ಲಿದೆ. ಇಲ್ಲಿ ಕೋಣಗಳೂ ಉಳಿಯಲಿಲ್ಲ. ಇವರಿಬ್ಬರ ಕಾದಾಟದ ಕಾಲದಲ್ಲಿ ಫ್ರಾನ್ಸ್ ಮತ್ತು ಜರ್ಮನಿಗಳು ಕೂಡಿ ಏರ್‌ಬಸ್ ಎಂಬ ಸಂಸ್ಥೆಯನ್ನು ಕಟ್ಟಿ, ಎ-300 ಎಂಬ ವಿಮಾನವನ್ನು 1972ರಲ್ಲಿ ಹಾರಿಸಿದವು. ಅದಕ್ಕೆ ಎಂಜಿನ್ನುಗಳು ಎರಡೇ. ಕೋಲ್ಕ್ ಅವರು ಮೊದಲು ಕೇಳಿದ್ದು ಅದನ್ನೇ ಅಲ್ಲವೆ? ನಮ್ಮ ಇಂಡಿಯನ್ ಏರ್‌ಲೈನ್ಸ್ ಸಂಸ್ಥೆಯು 1976ರಲ್ಲಿಯೇ ಅದನ್ನು ಬಳಕೆಗೆ ತಂದಿತು. ಟ್ರೈಸ್ಟಾರ್ ಕೊಂಡಿದ್ದ ಈಸ್ಟರ್ನ್ ಸಂಸ್ಥೆಯು 1977ರಲ್ಲಿ ನಾಲ್ಕು ಎ-300ಗಳನ್ನು ಆರು ತಿಂಗಳ ಪರೀಕ್ಷೆಗೆಂದು ಪಡೆದು, ಮರುವರ್ಷ 23ನ್ನು ಕೊಂಡಿತು. ಟ್ರೈಸ್ಟಾರ್ ಯಂತ್ರಕೌಶಲದಲ್ಲಿ ಮಿಗಿಲಾದ ವಿಮಾನವೆಂದು ಬಲ್ಲವರು ಹೊಗಳುತ್ತಿದ್ದರು. ಆದರೂ 250 ವಿಮಾನಗಳಿಗೇ ಅದರ ತಯಾರಿಕೆಯು ನಿಂತು, ಲಾಕ್‌ಹೀಡ್ ಪ್ರಯಾಣಿಕ ವಿಮಾನಗಳ ವ್ಯಾಪಾರದಿಂದಲೇ ಹೊರನಡೆಯಿತು. ಮೆಕ್‌ಡೊನೆಲ್ ಡಗ್ಲಸ್ 1997ರಲ್ಲಿ ಬೋಯಿಂಗ್ ಕಂಪನಿಯಲ್ಲಿ ಲೀನವಾಯಿತು.

ಅಂದಿನಿಂದ ದೊಡ್ಡ ಪ್ರಯಾಣಿಕ ವಿಮಾನಗಳ ಪೈಪೋಟಿಯು ಮುಖ್ಯವಾಗಿ ಏರ್‌ಬಸ್ ಮತ್ತು ಬೋಯಿಂಗ್‌ಗಳ ನಡುವೆ ನಡೆದಿದೆ. 2011ರಲ್ಲಿ, ಅದೇ ಅಮೆರಿಕನ್ ಏರ್‌ಲೈನ್ಸ್ 460 ವಿಮಾನಗಳಲ್ಲಿ 260ನ್ನು ಏರ್‌ಬಸ್ಸಿಗೆ ಕೊಟ್ಟಾಗ, ಬೋಯಿಂಗ್ ತನ್ನ ಹಳೆಯ 737ಕ್ಕೆ ಹೊಸ ಎಂಜಿನ್ನುಗಳನ್ನು ತೊಡಿಸಿ ಮ್ಯಾಕ್ಸ್ ಎಂಬ ಹೆಸರಿನಿಂದ ಹೊರತರಲು ಅವಸರಪಟ್ಟಿತು. ವಿಮಾನದ ಮೂಗನ್ನು ತಾನಾಗಿಯೇ ಕೆಳಕ್ಕಿಳಿಸುವ ಒಂದು ಯಂತ್ರವ್ಯವಸ್ಥೆಯ ದೋಷದಿಂದ 2018ರಲ್ಲಿ ಇಂಡೊನೇಷ್ಯಾದ ಬಳಿ ಸಮುದ್ರದಲ್ಲಿ, 2019ರಲ್ಲಿ ಇಥಿಯೋಪಿಯಾದಲ್ಲಿ ಎರಡು ಮ್ಯಾಕ್ಸ್ ವಿಮಾನಗಳು ನೆಲೆತಪ್ಪಿ ಬಿದ್ದವು. ಸತ್ತವರು 189 ಮತ್ತು 157. ಕೂಡಿದರೆ ಅದೇ 346.

2023ರಲ್ಲಿ ಏರ್ ಇಂಡಿಯಾ 470 ವಿಮಾನಗಳಿಗೂ ಇಂಡಿಗೋ 500 ವಿಮಾನಗಳಿಗೂ ಬೇಡಿಕೆ ಸಲ್ಲಿಸಿದವು. ಮಾರುವವರಿಗೆ ಈಗ ಭಾರತವು ದೊಡ್ಡ ಗಿರಾಕಿ. ನಾವು ಕೊಳ್ಳುವವರು ಮಾತ್ರವೇ ಆಗಿ ಉಳಿದಿಲ್ಲವೆಂಬುದೂ ಗಮನಿಸತಕ್ಕ ಸಂಗತಿ. ಏರ್‌ಬಸ್ಸಿನ ಎ-320 ವಿಮಾನಕ್ಕೆ ಪ್ರಯಾಣಿಕರ ಬಾಗಿಲುಗಳನ್ನು ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಕಾರ್ಖಾನೆಯು ಹಲವು ವರ್ಷಗಳ ಕಾಲ ತಯಾರಿಸಿಕೊಟ್ಟಿದೆ. 2024ರಲ್ಲಿ ಎ-220 ಎಂಬ ವಿಮಾನದ ಎಲ್ಲ ಬಾಗಿಲುಗಳನ್ನೂ, ಸರಕಿನ ಬಾಗಿಲೂ ಸೇರಿದಂತೆ, ಮಾಡುವ ಕೆಲಸವು ಬೆಂಗಳೂರಿನ ಡೈನಮ್ಯಾಟಿಕ್ ಎಂಬ ಸಂಸ್ಥೆಗೆ ದೊರೆಯಿತು.