ರೋಗಿಯ ಸಮ್ಮತಿ ಮತ್ತು ನೈತಿಕ ಸಮಿತಿ

ಔಷಧವೊಂದು ಹಿತಕರವೋ ಅಲ್ಲವೋ ಎಂಬುದನ್ನು ಕೊನೆಗೆ ಮನುಷ್ಯರಲ್ಲಿಯೇ ಪರೀಕ್ಷಿಸಿ ತಿಳಿಯಬೇಕಾಗುತ್ತದೆ. ಆಯುರ್ವೇದವೂ ಇದಕ್ಕೆ ಹೊರತಲ್ಲ. ನಮ್ಮ ಕಾಲೇಜುಗಳಲ್ಲಿ ಎಂ.ಡಿ. ಓದುವ ವೈದ್ಯರು ಮಧುಮೇಹ, ಸಂಧಿವಾತ ಮೊದಲಾದ ವ್ಯಾಧಿಗಳ ಮೇಲೆ ಅಧ್ಯಯನ ನಡೆಸುತ್ತಾರೆ. ಅದಕ್ಕೆ ಮುನ್ನ ನೈತಿಕ ಸಮಿತಿಯ ಅನುಮೋದನೆ ಪಡೆಯಬೇಕು. "ನಮ್ಮದು ಗಿಡಮೂಲಿಕೆಯ ಔಷಧ, ಗ್ರಂಥಗಳಲ್ಲಿ ಹೇಳಿದ್ದೇ, ಮತ್ತೇಕೆ ಅನುಮತಿ?" ಎಂದು ಕೇಳುವ ಕಿರಿಯರನ್ನು ನಾವು ಕಂಡಿದ್ದೇವೆ. ಚಿಕಿತ್ಸೆಯಲ್ಲಿ ವೈದ್ಯನಿಗೆ ರೋಗಿಯ ಸ್ವಾಸ್ಥ್ಯವೊಂದೇ ಗುರಿ. ಸಂಶೋಧನೆಯಲ್ಲಿ ಹೊಸ ತಿಳಿವಳಿಕೆಯ ಗುರಿಯೂ ಸೇರುತ್ತದೆ. ಆಗ ರೋಗಿಯ ಹಿತ ಹಿಂದೆ ಸರಿಯದಂತೆ ನೋಡಿಕೊಳ್ಳಲು ಹೊರಗಿನವರ ಕಣ್ಣು ಅವಶ್ಯ.

ಇತಿಹಾಸದ ಪಾಠ

ಅಮೆರಿಕದ ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸರ್ಕಾರಿ ವೈದ್ಯರು ಸುಮಾರು 600 ಬಡ ಕಪ್ಪುಜನರನ್ನು ಅಧ್ಯಯನಕ್ಕೆ ಒಳಪಡಿಸಿದರು. ಅವರಲ್ಲಿ 399 ಮಂದಿಗೆ ಸಿಫಿಲಿಸ್, ಅಂದರೆ ಫಿರಂಗರೋಗವಿತ್ತು. ರೋಗದ ನಿಜಸ್ಥಿತಿಯನ್ನು ಅವರಿಗೆ ತಿಳಿಸಲಿಲ್ಲ. ಪೆನ್ಸಿಲಿನ್ ದೊರೆಯುವಂತಾದ ಮೇಲೂ ಕೊಡಲಿಲ್ಲ. ಚಿಕಿತ್ಸೆ ದೊರೆಯುತ್ತಿದೆಯೆಂದೇ ಅವರು ನಂಬಿದ್ದರು. ವೈದ್ಯನ ಮೇಲಿನ ವಿಶ್ವಾಸವೇ ಅವರಿಗೆ ಮುಳುವಾಯಿತು.

ಸಮಿತಿಯ ಸ್ವರೂಪ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ಸಮಿತಿಯಲ್ಲಿ 7ರಿಂದ 15 ಸದಸ್ಯರಿರಬೇಕು. ಅಧ್ಯಕ್ಷರು ಸಂಸ್ಥೆಯ ಹೊರಗಿನವರಾಗಿರಬೇಕು. ವೈದ್ಯರೊಡನೆ ಕಾನೂನು ಬಲ್ಲವರು, ಸಮಾಜವಿಜ್ಞಾನಿ ಅಥವಾ ಧರ್ಮಶಾಸ್ತ್ರ ಬಲ್ಲವರು ಹಾಗೂ ಒಬ್ಬ ಜನಸಾಮಾನ್ಯ ಪ್ರತಿನಿಧಿಯೂ ಇರಬೇಕು. ಈ ಜನಸಾಮಾನ್ಯರ ಸ್ಥಾನವನ್ನು ನಾವು ಬಹಳ ಮುಖ್ಯವೆಂದು ಭಾವಿಸುತ್ತೇವೆ. ಮಾಹಿತಿ ಪತ್ರವನ್ನು ಓದಿ "ಇದು ನಮ್ಮೂರಿನ ರೈತನಿಗೆ ಅರ್ಥವಾಗದು" ಎಂದು ಧೈರ್ಯವಾಗಿ ಹೇಳಬಲ್ಲವರು ಅವರೇ.

ಯುವ ಸಂಶೋಧಕರಿಗೆ

1. ಅನುಮೋದನೆಗೆ ಮುನ್ನ ಒಬ್ಬ ರೋಗಿಯನ್ನೂ ಅಧ್ಯಯನಕ್ಕೆ ಸೇರಿಸಬೇಡಿ. ಮಾಡಿ ಮುಗಿಸಿದ ಅಧ್ಯಯನಕ್ಕೆ ಹಿಂದಿನ ದಿನಾಂಕದ ಅನುಮೋದನೆ ದೊರೆಯದು.
2. ಮಾಹಿತಿ ಪತ್ರವನ್ನು ತಿಳಿಗನ್ನಡದಲ್ಲಿ ಬರೆಯಿರಿ. ಮನೆಯ ಹಿರಿಯರೊಬ್ಬರಿಗೆ ಓದಿ ಹೇಳಿ, ಅವರು ಗ್ರಹಿಸಿದ್ದನ್ನು ಅವರ ಮಾತಿನಲ್ಲಿಯೇ ಕೇಳಿರಿ.
3. ಸಂಭವನೀಯ ತೊಂದರೆಗಳನ್ನು ಮರೆಮಾಚದೆ ತಿಳಿಸಿರಿ. ತೊಂದರೆಯಾದರೆ ಚಿಕಿತ್ಸೆಯ ಹೊಣೆ ಯಾರದೆಂದು ಬರೆಯಿರಿ.
4. ಅಕ್ಷರ ಬಾರದವರು ಹೆಬ್ಬೆಟ್ಟು ಒತ್ತುವಾಗ ಅಧ್ಯಯನಕ್ಕೆ ಸಂಬಂಧಿಸದ ಸಾಕ್ಷಿಯೊಬ್ಬರು ಆರಂಭದಿಂದಲೂ ಹಾಜರಿರಲಿ.
5. ಔಷಧ ಪ್ರಯೋಗವಾದರೆ ಮೊದಲ ರೋಗಿಯನ್ನು ಸೇರಿಸುವ ಮುನ್ನವೇ ಭಾರತದ ಕ್ಲಿನಿಕಲ್ ಟ್ರಯಲ್ ರಿಜಿಸ್ಟ್ರಿಯಲ್ಲಿ ನೋಂದಾಯಿಸಿರಿ.

ಸಮಿತಿ ತಿದ್ದುಪಡಿ ಸೂಚಿಸಿದರೆ ಬೇಸರಿಸದೆ, ಪ್ರತಿ ಪ್ರಶ್ನೆಗೂ ಲಿಖಿತವಾಗಿ ಉತ್ತರಿಸಿರಿ. ಅವು ರೋಗಿಯು ಕೇಳಬೇಕಾಗಿದ್ದ, ಆದರೆ ಸಂಕೋಚದಿಂದ ಕೇಳದ ಪ್ರಶ್ನೆಗಳು.

ಸದ್ಭಕ್ತರಿಗೆ

ಆಸ್ಪತ್ರೆಯಲ್ಲಾಗಲಿ ಉಚಿತ ಶಿಬಿರದಲ್ಲಾಗಲಿ ನಿಮ್ಮನ್ನು ಅಧ್ಯಯನಕ್ಕೆ ಆಹ್ವಾನಿಸಿದರೆ ಹೆದರಬೇಕಿಲ್ಲ. ನೈತಿಕ ಸಮಿತಿಯ ಅನುಮೋದನೆಯಿದೆಯೇ, ಈಗ ಸೇವಿಸುತ್ತಿರುವ ಮಾತ್ರೆಗಳನ್ನು ನಿಲ್ಲಿಸಬೇಕೇ, ತೊಂದರೆಯಾದರೆ ಯಾರನ್ನು ಕಾಣಬೇಕು ಎಂದು ಕೇಳಿರಿ. ಪತ್ರದ ಪ್ರತಿಯನ್ನು ಮನೆಗೆ ಒಯ್ದು ಮನೆಯವರೊಡನೆ ವಿಚಾರಿಸಿರಿ. ಒಪ್ಪಿದ ಮೇಲೂ ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ಅದರಿಂದ ನಿಮಗೆ ಸಲ್ಲಬೇಕಾದ ಚಿಕಿತ್ಸೆಗೆ ಕುಂದು ಬರಬಾರದು.

ವೈದ್ಯ, ಔಷಧ, ಪರಿಚಾರಕ, ರೋಗಿ ಈ ನಾಲ್ವರನ್ನೂ ಚರಕಾಚಾರ್ಯರು ಚಿಕಿತ್ಸೆಯ ಪಾದಗಳೆಂದು ಎಣಿಸಿದ್ದಾರೆ. ಸಂಶೋಧನೆಯಲ್ಲಿಯೂ ರೋಗಿಗೆ ಆ ಸಮಾನ ಸ್ಥಾನ ಸಲ್ಲಲಿ.