‘ಕನ್ನಡ’ಕ್ಕೆ 5 ಖಾಲಿ ಮನೆ ಏಕೆ?

ಪ್ರಶ್ನೆ: ಬಿಕಾಂ ವಿದ್ಯಾರ್ಥಿನಿ, ಪೈಥಾನ್ ಕಲಿಯುತ್ತಿದ್ದೇನೆ. ಪದ ಊಹಿಸುವ ಆಟ ಬರೆದೆ. ಇಂಗ್ಲಿಷ್ ಪದ ಸರಿಬರುತ್ತದೆ. ‘ಕನ್ನಡ’ಕ್ಕೆ 5 ಖಾಲಿ ಮನೆ ತೋರಿಸುತ್ತದೆ. ಏನು ಮಾಡಲಿ?

ಉತ್ತರ: ನಿಮ್ಮ ತರ್ಕದಲ್ಲಿ ತಪ್ಪಿಲ್ಲ, ಅಳಿಸಬೇಡಿ. ಯೂನಿಕೋಡ್‌ನಲ್ಲಿ ‘ನ್ನ’ ಅಂದರೆ 3 ಸಂಕೇತ: ನ, ಹಲಂತ ಚಿಹ್ನೆ, ಮತ್ತೆ ನ. ಪೈಥಾನ್‌ನಲ್ಲಿ ಪದದ ಉದ್ದ ಹೇಳುವ ‘ಲೆನ್’ ಎಣಿಸುವುದು ಸಂಕೇತಗಳನ್ನು, ನಾವು ಓದುವ ಅಕ್ಷರಗಳನ್ನಲ್ಲ. ಸದ್ಯಕ್ಕೆ ಪದವನ್ನು ನೀವೇ ಬಿಡಿಸಿ ಲಿಸ್ಟ್ ಆಗಿ ಕೊಡಿ: ‘ಕ’, ‘ನ್ನ’, ‘ಡ’. ಹತ್ತಿಪ್ಪತ್ತು ಪದಗಳ ಆಟಕ್ಕೆ ಇಷ್ಟು ಸಾಕು. ತಾನೇ ಬಿಡಿಸುವ ಕೋಡ್ ಆಮೇಲೆ ಬರೆಯಬಹುದು. ಆಟಗಾರರು ಟೈಪಿಸಿದ ಅಕ್ಷರದ ಹಿಂದುಮುಂದಿನ ಸ್ಪೇಸನ್ನು ‘ಸ್ಟ್ರಿಪ್’ನಿಂದ ತೆಗೆಯಿರಿ, ಇಲ್ಲದಿದ್ದರೆ ಸರಿಯುತ್ತರವೂ ತಪ್ಪಾಗುತ್ತದೆ. ಪ್ರತಿ ಸುತ್ತಿನಲ್ಲೂ ಲಿಸ್ಟನ್ನು ಪ್ರಿಂಟ್ ಮಾಡಿ ನೋಡಿ. ಆಗಲೂ ಬಗೆಹರಿಯದಿದ್ದರೆ ಕೋಡ್, ಎರರ್ ಸಂದೇಶ ಎರಡನ್ನೂ ನಿಮ್ಮ ಕಾಲೇಜಿನ ಕಂಪ್ಯೂಟರ್ ಉಪನ್ಯಾಸಕರಿಗೆ ತೋರಿಸಿ.